ನಿಮಗ ಭಾಳ ಸೇರೋ ಗಾಯಕಿಯರು ಯಾರು, ಅವರ ದನ್ಯಾಗ ಅಂಥಾದ್ದೇನೈತಿ?

ನೀವು ಕೇಳಿದ್ದು ಮೆಚ್ಚಿನ ಗಾಯಕಿಯರು ಯಾರು, ಯಾರ ಕಂಠ ಎಲ್ಲಾಕ್ಕಿಂತ ಇಂಪು, ಯಾಕ ಅಂತ. ಇಂಪು ಅನ್ನೋದನ್ನ ಸ್ವಲ್ಪ ಬದಿಗಿಟ್ಟು ಉತ್ತರ ಹೇಳ್ತೀನ್ರಿ, ಯಾಕಂದ್ರ ನನಗ ಎಲ್ಲಾಕ್ಕಿಂತ ಹೆಚ್ಚು ಸೇರೋ ದನಿ ಇಂಪಾದ ದನಿ ಅಲ್ಲೇ ಅಲ್ಲ. ಅದು ಹುಬ್ಬಳ್ಳಿಯ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರದು. ನಾನು ಹುಬ್ಬಳ್ಯಾಂವ ಅಂತ ಊರಿನ ಅಭಿಮಾನಕ್ಕ ಹೇಳಾಕತ್ತೀನಿ ಅನ್ಕೋಬ್ಯಾಡ್ರಿ, ಅವ್ರು ಬ್ಯಾರೆ ಯಾವ ಊರಾಗ ಇದ್ದಿದ್ರೂ ನನ್ನ ಉತ್ತರ ಇದೇ ಇರ್ತಿತ್ತು.

ಮೊದಲನೇ ಸಲ ಕೇಳೋರಿಗೆ ಅದು ಹೆಣ್ಣುಮಗಳ ದನಿ ಅಂತ ಗೊತ್ತಾಗೂದೇ ಇಲ್ಲ. ನನ್ನ ಜೋಡಿ ಕೆಲಸ ಮಾಡೋ ಬೆಂಗಳೂರು ಕಡೆಯ ಹುಡುಗನಿಗೆ ಮೊಬೈಲ್‌ನ್ಯಾಗ ಹಚ್ಚಿ ಕೇಳಿಸಿದ್ರ "ಭೀಮಸೇನ ಜೋಶಿಯವ್ರಾ?" ಅಂದ. ಆದ್ರ ಆ ದನಿ ಹುಟ್ಟಿನಿಂದ ಹಂಗ ಇರ್ಲಿಲ್ಲ, ಇದು ಭಾಳ ಮಂದಿಗೆ ಗೊತ್ತಿಲ್ಲ. 1930ರ ದಶಕದಾಗ ರೆಕಾರ್ಡ್ ಕಂಪನಿ ಎಚ್‌ಎಂವಿಯವ್ರು ಗಾಂಧಾರಿ ಅನ್ನೋ ಹೆಸರಿನ ಮ್ಯಾಗ ಅವರ ರೆಕಾರ್ಡ್ ತಂದಿದ್ರು, ಅದನ್ನ ಕೇಳ್ರಿ, ಸಣ್ಣ ದನಿ, ಚುರುಕು, ಮ್ಯಾಲಿನ ಸ್ವರಕ್ಕ ಹಗೂರಕ ಹೋಗಿ ಬರತೈತಿ, ಆಗಿನ ಕಾಲದ ಮಂದಿ ಹೆಣ್ಣಿನ ಕಂಠ ಅಂದ್ರ ಹಿಂಗ ಇರ್ಬೇಕು ಅಂತಿದ್ರಲ್ಲ, ಬರೋಬ್ಬರಿ ಹಂಗೈತಿ. ಮುಂದ ಗಂಟಲಿನ ತ್ರಾಸು ಆಗಿ ಆಪರೇಷನ್ ಆತು, ದನಿ ಪೂರಾ ಕೆಳಗಿಳೀತು, ಗಂಡಸ್ರು ಹಾಡೋ ಶ್ರುತಿಗೆ ಹತ್ತಿರ ಬಂತು. ಹಾಡಿನ ಮ್ಯಾಗೇ ಮನಿ ನಡೀಬೇಕಾದ ಹೆಣ್ಣುಮಗಳಿಗೆ ಇದು ಎಷ್ಟು ದೊಡ್ಡ ಆಘಾತ ಇರಬೇಕು ವಿಚಾರ ಮಾಡ್ರಿ. ಅವ್ರು ಹಳೇ ದನಿ ಹುಡಿಕ್ಕೋಂತ ಕೂಡಲಿಲ್ಲ. ಠುಮ್ರಿ, ಹಗುರ ಸಂಗೀತ ಬಿಟ್ರು, ಬರೇ ರಾಗ ಹಿಡಿದ್ರು, ಈ ಹೊಸಾ ದಪ್ಪ ದನಿಗೆ ಯಾವ ಹಾಡೋ ರೀತಿ ಒಗ್ಗತೈತೋ ಅದನ್ನ ತಾವೇ ಕಟಗೊಂಡ್ರು. ಎರಡೂ ರೆಕಾರ್ಡಿಂಗ್ ಒಂದರ ಹಿಂದ ಒಂದು ಕೇಳಿದ್ರ ಒಬ್ಬ ಮನುಷ್ಯಾ ತನ್ನ ಮೈಯಾಗಿನ ಬದಲಾವಣೆಯನ್ನ ಕಲೆ ಹ್ಯಾಂಗ ಮಾಡಿಕೊಂಡ ಅನ್ನೋದು ಕಿವಿಗೆ ನೇರ ಕೇಳತೈತಿ.

ಈಗ ಆ ದನ್ಯಾಗ ಏನೈತಿ ಅಂತ. ಅವರ ಮಾರವಾ ಕೇಳ್ರಿ. ಮಾರವಾ ಸಂಜಿ ಹೊತ್ತು ಮುಳುಗೋ ಟೈಮಿನ ರಾಗ, ಅದರಾಗ ಪಂಚಮ (ಪ) ಇಲ್ಲ, ರಿಷಭ (ರಿ) ಕೋಮಲ ಅಂದ್ರ ಒಂಚೂರು ಕೆಳಗ, ಮಧ್ಯಮ (ಮ) ತೀವ್ರ ಅಂದ್ರ ಒಂಚೂರು ಮ್ಯಾಲ, ಮತ್ತ ಇದರ ದೊಡ್ಡ ಗುಣ ಅಂದ್ರ ಹಾಡೋರು ಮೂಲ ಸ್ವರ ಷಡ್ಜಕ್ಕ (ಸಾ) ಬೇಗ ಬರೂದಿಲ್ಲ, ಧೈವತ, ನಿಷಾದ, ರಿಷಭ ಅಂತ ಸುತ್ತಲೂ ಅಡ್ಡಾಡ್ತಾರ, ತಂಬೂರಿ ಹಿಂದ ಸಾ ಅಂತಲೇ ಇರತೈತಿ ಆದ್ರ ಹಾಡೋ ದನಿ ಅಲ್ಲಿ ಮುಟ್ಟೂದಿಲ್ಲ, ಕೇಳೋರಿಗೆ ಒಳಗ ಒಂಥರಾ ಕಳವಳ ಆಗಾಕ ಸುರು ಆಗತೈತಿ. ಬ್ಯಾರೆಯವ್ರು ಹಾಡಿದಾಗ ಆ ರಿಷಭ ಬಂತು ಹೋತು ಅನ್ನೂವಂಗ ಇರತೈತಿ. ಗಂಗೂಬಾಯಿಯವ್ರು ಅದರ ಮ್ಯಾಗ ನಿಂತು ಬಿಡ್ತಾರ. ಅಲುಗಾಟ ಇಲ್ಲ, ಅಲಂಕಾರ ಇಲ್ಲ. ಉಸಿರು ಮುಗಿಯೋತನಕ ನಿಂತು, ಆಮ್ಯಾಲ ಷಡ್ಜಕ್ಕ ಇಳದಾಗ ನಮ್ಮ ಭುಜ ತಾನ ಸಡಿಲ ಆಗತಾವ. ನನಗ ದನಿ ಅಂದ್ರ ಇದು. ಸ್ವರ ಮುಟ್ಟೂದು ಭಾಳ ಮಂದಿಗೆ ಬರತೈತಿ, ಮುಟ್ಟಿ ಅಲ್ಲೇ ನಿಲ್ಲೂದು ಬ್ಯಾರೆ ಮಾತು.

ಇದು ಅವರಿಗೆ ಸುಮ್ಮ ಬಂದಿದ್ದಲ್ಲ, ಅವರು ಕಲಿತ ಕಿರಾಣಾ ಘರಾಣೆ ಅನ್ನೋ ಹಾಡುಗಾರಿಕೆ ಪರಂಪರೆಯ ರೀತಿನೇ ಹಂಗ, ಒಂದೊಂದ ಸ್ವರಾ ಸಾವಕಾಶ ಬಿಡಿಸಿಕೊಂತ ಹೋಗೂದು. ಗುರು ಸವಾಯಿ ಗಂಧರ್ವರು ಕುಂದಗೋಳದಾಗ ಇದ್ರು, ಹುಬ್ಬಳ್ಳಿಯಿಂದ ರೈಲ್ವೇದಾಗ ಹೋಗಿ ಕಲಿತು ತಿರುಗಿ ರಾತ್ರಿ ಮನಿಗೆ ಬರಬೇಕು. ಅದೇ ಮನ್ಯಾಗ ಕಲಿಯಾಕ ಇದ್ದ ಹುಡುಗ ಭೀಮಸೇನ ಜೋಶಿ ಅವರನ್ನ ಸ್ಟೇಷನ್‌ತನಕ ಮುಟ್ಟಿಸಿ ಬರತಿದ್ರಂತ. ಈಗೂ ಆ ಲೈನಿನ ಮ್ಯಾಗ ಗಾಡಿ ಹತ್ತಿ ಹೋಗುವಾಗ ಎರಡೂ ಕಡೆ ಕರಿ ಎರಿ ಹೊಲ ನೋಡಿದ್ರ ನನಗ ಇದೇ ನೆನಪಾಗತೈತಿ. ಇದೇ ನೆಲದಾಗ ಜನ ಹಿಂದ ಅವರನ್ನ ಗಾನೇವಾಲಿ (ಹಾಡೋಕಿ) ಅಂತ ಕೀಳಾಗಿ ಕರೆದದ್ದೂ ಐತಿ, 2002ರಾಗ ಪದ್ಮವಿಭೂಷಣ ಬಂದದ್ದೂ ಐತಿ.

ಎರಡನೇ ಹೆಸರು ಸಿನಿಮಾ ಗಾಯಕಿ ಎಸ್. ಜಾನಕಿ. ಇಲ್ಲಿ ನಾನು ಒಂದೇ ಹಾಡು ಹಿಡ್ಕೊಂಡು ಮಾತಾಡ್ತೀನಿ, ಸನಾದಿ ಅಪ್ಪಣ್ಣ ಸಿನಿಮಾದ "ಕರೆದರೂ ಕೇಳದೆ". 1977ರದ್ದು, ಜಿ.ಕೆ. ವೆಂಕಟೇಶ್ ಸಂಗೀತ, ಸನಾದಿ (ಶಹನಾಯಿ) ಬಾರಿಸಿದವ್ರು ಖುದ್ದು ಬಿಸ್ಮಿಲ್ಲಾ ಖಾನ್ ಸಾಹೇಬ್ರು. ನಮ್ಮ ಕಡೆ ಲಗ್ನದ ಮನ್ಯಾಗ ಸನಾದಿ ಕೇಳಿ ಬೆಳೆದವ್ರಿಗೆ ಗೊತ್ತಿರತೈತಿ, ಆ ವಾದ್ಯಾ ಸುರು ಆತಂದ್ರ ಪಕ್ಕದಾಗ ಮನುಷ್ಯಾರ ದನಿ ನಿಲ್ಲೂದಿಲ್ಲ, ಅಷ್ಟು ಜೋರು, ಅಷ್ಟು ಚೂಪು. ಜಾನಕಿಯಮ್ಮ ಅದರ ಜೋಡಿ ಪೈಪೋಟಿಗೆ ಇಳಿಯೂದಿಲ್ಲ, ಹಿಂದೂ ಸರಿಯೂದಿಲ್ಲ. ಸನಾದಿ ಎಲ್ಲಿ ಬಿಡತೈತೋ ಅಲ್ಲಿಂದ ಅದೇ ಎಳೆ ಹಿಡದು ಮುಂದ ಒಯ್ತಾರ, ಎರಡರ ನಡುವಿನ ಬೆಸುಗೆ ಎಲ್ಲೈತಿ ಅಂತ ಹುಡುಕಿದ್ರ ಸಿಗೂದಿಲ್ಲ. ಹಾಡೋ ಹೊತ್ತಿನ್ಯಾಗ ಅವ್ರು ಮೈಯಿ ಕೈಯಿ ಅಲ್ಲಾಡಿಸದ ನಿಂತಿರ್ತಿದ್ರು, ಮಾರಿ ಮ್ಯಾಗ ಏನೂ ಕಾಣ್ತಿರಲಿಲ್ಲ, ಎಲ್ಲಾ ಭಾವನಾ ದನ್ಯಾಗೇ. ಹುಟ್ಟಿದ್ದು ಆಂಧ್ರದಾಗ, ಆದ್ರ ಅವರ ಕನ್ನಡ ಕೇಳಿದ್ರ ಒಂದು ಒತ್ತಕ್ಷರ ಜಾರಿರೂದಿಲ್ಲ. 2013ರಾಗ ಪದ್ಮಭೂಷಣ ಕೊಟ್ಟಾಗ ಬ್ಯಾಡ ಅಂದ್ರಲ್ಲ, ಆ ಸೆಟಗೊಂಡು ನಿಲ್ಲೂ ಗುಣಾನೂ ನನಗ ಭಾಳ ಸೇರತೈತಿ.

ಮೂರನೇದು ಸಂಗೀತಾ ಕಟ್ಟಿ, ನಮ್ಮ ಧಾರವಾಡದವ್ರು. ನಾಗಮಂಡಲ ಸಿನಿಮಾದ "ಈ ಹಸಿರು ಸಿರಿಯಲಿ" ಎಲ್ಲಾರೂ ಕೇಳಿರತೀರಿ, 1997ರದು, ಸಿ. ಅಶ್ವಥ್ ಸಂಗೀತ. ಅದರಾಗ ನನಗ ಹಿಡಿಸಿದ್ದು ಏನಂದ್ರ ಶಾಸ್ತ್ರೀಯ ಕಲಿತವ್ರು ಹಾಡಾಕತ್ತಾರ ಅಂತ ಎಲ್ಲೂ ತೋರಿಸಿಕೊಳ್ಳೂದಿಲ್ಲ, ಬಸವರಾಜ ರಾಜಗುರು, ಕಿಶೋರಿ ಅಮೋಣಕರ್ ಅಂಥಾ ದೊಡ್ಡವ್ರ ಹತ್ರ ಕಲಿತ ಗಂಟಲು ಅದು, ಬೇಕಂದ್ರ ತಾನಿನ, ಅಂದ್ರ ಓಡೋ ಸ್ವರಗಳ, ಮಳೀನೇ ಸುರಿಸಬಹುದಿತ್ತು. ಅವ್ರು ಹಾಡಿನ ಮಾತಿಗೆ ಎಷ್ಟು ಬೇಕೋ ಅಷ್ಟೇ ಕೊಟ್ಟಾರ. ಇನ್ನ ಕಿಶೋರಿತಾಯಿಯವ್ರ ಬಗ್ಗೆ ಬರೀಬೇಕಂದ್ರ ಬ್ಯಾರೇನ ಉತ್ತರ ಬೇಕು, ಭೂಪ್ ರಾಗದ "ಸಹೇಲಾ ರೇ" ಒಂದು ಕೇಳ್ರಿ ಸಾಕು.

ಲತಾ ಮಂಗೇಶ್ಕರ್ ಹೆಸರು ಯಾಕ ಇಲ್ಲ ಅಂತ ಕಾಮೆಂಟ್‌ನ್ಯಾಗ ಬೈಬ್ಯಾಡ್ರಿ, ಅವರ ದನಿ ದೇವರ ಕೊಡುಗೆ, 1967ರ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣದಾಗ "ಬೆಳ್ಳನೆ ಬೆಳಗಾಯಿತು" ಹಾಡಿದ್ದು ನಮ್ಮ ಮನ್ಯಾಗ ಈಗೂ ಮುಂಜಾನೆ ಹಚ್ತಾರ. ಆದ್ರ ಲತಾ ಅವ್ರು ಬಂದ ಮ್ಯಾಲ ಸಣ್ಣ ದನಿನೇ ಹೆಣ್ಣಿನ ದನಿ ಅಂತ ಎಲ್ಲಾ ಕಡೆ ಆಗಿಬಿಡ್ತು, ಅದು ಅವರ ತಪ್ಪಲ್ಲ, ಕೇಳೋರ ರೂಢಿ. ಅದಕ್ಕಿಂತ ಮೊದಲು ಅಮೀರಬಾಯಿ ಕರ್ನಾಟಕಿ ಇದ್ರು, ನಮ್ಮ ಬೀಳಗಿಯವ್ರು, 1943ರ ಕಿಸ್ಮತ್ ಸಿನಿಮಾದಾಗ "ಧೀರೇ ಧೀರೇ ಆ ರೇ ಬಾದಲ್" ಹಾಡಿದವ್ರು. ಅದರಾಗ ಎದಿಯಿಂದ ಬರೋ ತೂಕ ಐತಿ. ಇಂಥಾ ದನಿ ಸಿನಿಮಾದಾಗ ಮುಂದ ಕಮ್ಮಿ ಆಗಿದ್ದು ನನಗ ಖರೇನೇ ಬ್ಯಾಸರದ ಸಂಗತಿ. ಈಗಿನವ್ರಾಗ ಶ್ರೇಯಾ ಘೋಷಾಲ್ ಸೇರ್ತಾರ, ಉಚ್ಚಾರಕ್ಕ.

ಮತ್ತೊಂದು ದನಿ ಹೇಳದ ಇದ್ರ ಉತ್ತರ ಪೂರ್ತಿ ಆಗೂದಿಲ್ಲ. ರೋಣದ ಕಡೆ ನಮ್ಮವ್ವನ ತವರಮನಿ, ಅಲ್ಲಿ ನಮ್ಮ ಚಿಗವ್ವ ಸೋಬಾನಿ ಪದಾ ಹಾಡ್ತಾಳ. ಲಗ್ನದಾಗ ಸುರಗಿ ಸುತ್ತುವಾಗ ಆಕಿ ಸೊಲ್ಲು ಎತ್ತಿದ್ರ ಉಳಿದ ಹೆಣ್ಮಕ್ಕಳು ಹಿಂದಿಂದ ಹೇಳ್ತಾರ. ಮೈಕ್ ಇಲ್ಲ, ಶ್ರುತಿ ಪೆಟ್ಟಿಗಿ ಇಲ್ಲ, ಹಂದರದ ತುಂಬ ಮಂದಿ ಗದ್ದಲ, ಹುಡುಗರು ಅಳೂದು, ಅಡಗಿಯವ್ರು ಒದರೂದು, ಇಷ್ಟರಾಗೂ ಆಕಿ ದನಿ ಆ ತುದಿತನಕ ಮುಟ್ಟತೈತಿ. ಪ್ರತಿ ಸೊಲ್ಲಿನ ಕಡೀ ಅಕ್ಷರ ಎಳದು ಹಿಡೀತಾಳ, ಹಿಂದಿನವ್ರು ಉಸಿರು ತಗೊಳ್ಳೋತನಕ ಬಿಡೂದಿಲ್ಲ, ಅವರು ಎತ್ತಿಕೊಂಡ ಮ್ಯಾಲೇ ಆಕಿ ಬಿಡೂದು. ಆಕಿಗೆ ಯಾರೂ ಇದನ್ನ ಕಲಿಸಿಲ್ಲ. ನಾನು ಗಂಗೂಬಾಯಿಯವ್ರ ನಿಲುವನ್ನ ಅಷ್ಟು ಲಗೂನ ಗುರುತು ಹಿಡದಿದ್ದಕ್ಕ ಕಾರಣ ಚಿಗವ್ವನ ದನಿನೇ ಇರಬಹುದು ಅನಸ್ತೈತಿ.

ಗಂಗೂಬಾಯಿಯವ್ರನ್ನ ಕೇಳಾಕ ಸುರು ಮಾಡೋರು ಫೋನಿನ ಸ್ಪೀಕರ್‌ನ್ಯಾಗ ಕೇಳಬ್ಯಾಡ್ರಿ, ಅದು ದಪ್ಪ ದನಿಯನ್ನ ತಿಂದು ಹಾಕತೈತಿ, ಹೆಡ್‌ಫೋನ್ ಇಲ್ಲಾಂದ್ರ ಛೊಲೋ ಸ್ಪೀಕರ್ ಬೇಕು. ವಿಲಂಬಿತ್ ಅನ್ನೋ ಸಾವಕಾಶದ ಭಾಗ ಓಡಿಸಿ ಚುರುಕು ಲಯದ ತರಾನಾಕ್ಕ ಹೋಗಬ್ಯಾಡ್ರಿ, ಅವರ ದೊಡ್ಡ ಕೆಲಸ ಎಲ್ಲಾ ಆ ಮೊದಲಿನ ಸಾವಕಾಶದಾಗೇ ಐತಿ. ಮತ್ತ ಪಕ್ಕದಾಗ ಕುಂತು ಹಾಡೋ ಮಗಳು ಕೃಷ್ಣಾ ಹಾನಗಲ್ ಅವರ ಕಡೆ ಒಂದು ಕಿವಿ ಇರ್ಲಿ. ವಯಸ್ಸಾದ ತಾಯಿ ಉಸಿರಿಗೆ ನಿಂತ ಕಡೆ ಆಕಿ ತೆಳ್ಳಗ ಅದೇ ಸ್ವರಾ ಎತ್ತಿಕೊಂಡು ಒಯ್ದು, ತಾಯಿ ತಯಾರಾದ ಕೂಡಲೇ ತಿರುಗಿ ಒಪ್ಪಿಸಿಬಿಡ್ತಾರ, ಇಡೀ ಕಛೇರಿ ಹಂಗ ನಡೀತೈತಿ. 2004ರಾಗ ತಾಯಿಗಿಂತ ಮೊದಲೇ ಹೋಗಿಬಿಟ್ರು. ಅವರೊಬ್ಬರೇ ಕುಂತು ಹಾಡಿದ ಕಛೇರಿ ರೆಕಾರ್ಡಿಂಗ್ ಯಾರ ಹತ್ರಾದ್ರೂ ಇದ್ರ ಕೆಳಗ ಲಿಂಕ್ ಹಾಕ್ರಿ, ನಾನು ಹುಡುಕಾಕತ್ತೀನಿ.