ಖಗ್ರಾಸ ಸೂರ್ಯಗ್ರಹಣಕ್ಕೆ ಅಷ್ಟು ದೂರ ಹೋಗ್ಬೇಕಾ? 99% ಕಂಡ್ರೆ ಸಾಲಲ್ವಾ?

2027 ಆಗಸ್ಟ್ 2ರ ಖಗ್ರಾಸ ಗ್ರಹಣ, ಅಂದ್ರೆ ಚಂದ್ರ ಸೂರ್ಯನ್ನ ಪೂರ್ತಿ ಮುಚ್ಚೋದು, ನೋಡೋಕೆ ಈಜಿಪ್ಟಿನ ಲಕ್ಸರ್‌ಗೆ ಹೋಗೋ ಯೋಚನೆ ಇದೆ, ಆದ್ರೆ ಬರೀ ಆರು ನಿಮಿಷಕ್ಕೆ ಅಷ್ಟು ದುಡ್ಡು ಹಾಕ್ಬೇಕಾ, ಪಾರ್ಶ್ವ ಗ್ರಹಣ ಮನೆ ಟೆರೇಸ್ ಮೇಲಿಂದ್ಲೇ ನೋಡಿದೀನಲ್ಲ ಅಂತ ಕೇಳಿದೀರಿ. ಹೋಗಿ ಸರ್, ಖಂಡಿತ ಹೋಗಿ. ಪಾರ್ಶ್ವ ಗ್ರಹಣ ನೋಡಿದವರು ಖಗ್ರಾಸದ ಬಗ್ಗೆ ಏನೂ ನೋಡಿಲ್ಲ ಅಂತಾನೇ ಲೆಕ್ಕ, ನಾನೂ 2024ರ ತನಕ ನಿಮ್ಮ ಹಾಗೇ ಅನ್ಕೊಂಡಿದ್ದೆ.

ನಾವಿರೋದು ಅಮೆರಿಕದ ಓಹಾಯೋದಲ್ಲಿ, ಕೊಲಂಬಸ್‌ನಲ್ಲಿ. 2024 ಏಪ್ರಿಲ್ 8ರ ಗ್ರಹಣದ ಪಟ್ಟಿ, ಅಂದ್ರೆ ಸೂರ್ಯ ಪೂರ್ತಿ ಮುಚ್ಚೋದು ಕಾಣೋ ಜಾಗ, ನಮ್ಮೂರಿನ ಪಕ್ಕದಲ್ಲೇ ಹಾದುಹೋಯ್ತು, ಊರಿನ ಮಧ್ಯಭಾಗಕ್ಕೆ 99%ಗಿಂತ ಜಾಸ್ತಿ ಆದ್ರೆ ಪೂರ್ತಿ ಇಲ್ಲ. ಆಫೀಸಲ್ಲಿ ಎಷ್ಟೋ ಜನ ಇಲ್ಲೇ ನೋಡಿದ್ರಾಯ್ತು ಬಿಡು, ಏನ್ ವ್ಯತ್ಯಾಸ ಅಂದ್ರು. ನಾನು ಕೂತು ಓದಿದೆ. ಸೂರ್ಯನ ಸುತ್ತ ಇರೋ ಕರೋನಾ ಅನ್ನೋ ಹೊರಪದರದ ಬೆಳಕು ಹೆಚ್ಚುಕಮ್ಮಿ ಹುಣ್ಣಿಮೆ ಚಂದ್ರನಷ್ಟೇ, ಸೂರ್ಯನ ಬೆಳಕು ಅದಕ್ಕಿಂತ ಲಕ್ಷಾಂತರ ಪಟ್ಟು, ಹಾಗಾಗಿ ಒಂದು ಚೂರು ಸೂರ್ಯ ಹೊರಗೆ ಉಳಿದ್ರೂ ಅದು ಕರೋನಾನ ಮುಚ್ಚಿಹಾಕುತ್ತೆ. ಅಂದ್ರೆ 99% ಬಂದ್ರೆ 99% ಅನುಭವ ಸಿಗುತ್ತೆ ಅಂತಲ್ಲ, ಕತ್ತಲೇ ಆಗಲ್ಲ, ಕರೋನಾ ಕಾಣಲ್ಲ, ಸಂಜೆ ಮೋಡ ಕವಿದಂಗೆ ಮಂಕಾಗುತ್ತೆ ಅಷ್ಟೇ.

ಆಗ ನಮ್ಮ ಅವ್ವ ಹುಬ್ಬಳ್ಳಿಯಿಂದ ಬಂದಿದ್ರು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, 1980 ಫೆಬ್ರವರಿ 16ಕ್ಕೆ ಖಗ್ರಾಸ ಗ್ರಹಣ ನಮ್ಮ ಕರ್ನಾಟಕದ ಮೇಲೇ ಹಾದಿತ್ತು, ಅಂಕೋಲಾ, ಹುಬ್ಬಳ್ಳಿ, ರಾಯಚೂರು ಎಲ್ಲ ಅದೇ ಪಟ್ಟಿಯೊಳಗೆ, ಮಧ್ಯಾಹ್ನ ಮೂರುವರೆ ಮೇಲೆ. ಅವ್ವನಿಗೆ ಆಗ ಹದಿನಾಲ್ಕು ವರ್ಷ. ಅಜ್ಜಿ ಬಾಗಿಲು ಕಿಟಕಿ ಎಲ್ಲ ಹಾಕಿ, ಕಿಟಕಿ ಸಂದಿಗೆ ಹಳೇ ಸೀರೆ ತುರುಕಿ, ನೀರಿನ ಕೊಡಕ್ಕೆ ದರ್ಬೆ ಹಾಕಿ ಮಕ್ಕಳನ್ನೆಲ್ಲ ನಡುಮನೆಯಲ್ಲಿ ಕೂರಿಸಿದ್ರಂತೆ. "ಒಳಗೂ ಕತ್ತಲಾತು, ಹಕ್ಕಿ ಚಿಲಿಪಿಲಿ ನಿಂತು, ಆಮ್ಯಾಲ ಕೋಳಿ ಕೂಗಿದ್ದು ಅಷ್ಟ ಕೇಳ್ತು" ಅಂತ ನಾನು ಸಣ್ಣೋನಿದ್ದಾಗಿಂದ ಹೇಳ್ತಿದ್ರು. ತಲೆ ಮೇಲೇ ಬಂದಿದ್ದನ್ನ ನೋಡದೇ ಕೂತಿದ್ರಲ್ಲ ಅನ್ನೋದು ನಂಗೆ ಯಾವಾಗ್ಲೂ ಸಂಕಟ. ಅದಕ್ಕೇ ಈ ಸಲ ಬಿಡಬಾರ್ದು ಅಂತ.

ಜಾಗ ಆರಿಸಿದ್ದು ಓಹಾಯೋದಲ್ಲೇ ಇರೋ ರಾಕಿ ರಿವರ್. ಕ್ಲೀವ್‌ಲ್ಯಾಂಡ್‌ನ ಪಶ್ಚಿಮಕ್ಕಿರೋ, ಗ್ರಹಣದ ಪಟ್ಟಿಯೊಳಗಿನ ಸಣ್ಣ ಉಪನಗರ, ಅದೇ ಹೆಸರಿನ ನದಿ ಕಲ್ಲಿನ ಕಣಿವೆ ಕೊರೆದುಕೊಂಡು ಬಂದು ಅಲ್ಲೇ ಈರಿ ಸರೋವರ ಸೇರುತ್ತೆ. ಕ್ಲೀವ್‌ಲ್ಯಾಂಡ್ ಒಳಗೆ ದೊಡ್ಡ ಕಾರ್ಯಕ್ರಮ, ಸಂಜೆ ಬೇಸ್‌ಬಾಲ್ ಮ್ಯಾಚ್ ಬೇರೆ, ಆ ಗದ್ದಲ ಬೇಡ ಅನಿಸ್ತು. ಮೊದ್ಲು ಕಣಿವೆಯಲ್ಲಿ ನದಿ ಪಕ್ಕ ಕೂರೋಣ ಅನ್ಕೊಂಡೆ, ಆಮೇಲೆ ಯೋಚನೆ ಮಾಡಿ ಸರೋವರದ ದಂಡೆ ಮೇಲಿರೋ ಪಾರ್ಕ್‌ಗೆ ಹೋದ್ವಿ, ಯಾಕಂದ್ರೆ ಸೂರ್ಯ ನೈಋತ್ಯದಲ್ಲಿ ಎತ್ತರಕ್ಕೇ ಇರ್ತಾನೆ, ಎಲ್ಲಿಂದ ಬೇಕಾದ್ರೂ ಕಾಣ್ತಾನೆ, ಆದ್ರೆ ನೆರಳು ಬಂದು ಹೋಗೋದು ಕಾಣ್ಬೇಕಂದ್ರೆ ದಿಗಂತ ತೆರೆದಿರ್ಬೇಕು. ಲಕ್ಸರ್‌ನಲ್ಲೂ ಇದನ್ನ ನೋಡ್ಕೊಂಡು ಜಾಗ ಹಿಡೀರಿ.

ಬೆಳಗ್ಗೆ ಐದಕ್ಕೇ ಹೊರಟು ಎಂಟರೊಳಗೆ ಗಾಡಿ ನಿಲ್ಸಿದ್ವಿ. ಏಪ್ರಿಲ್‌ನಲ್ಲಿ ಅಲ್ಲಿ ಮೋಡ ಜಾಸ್ತಿ, ವಾರದಿಂದ ನಂಗೆ ಅದೇ ಚಿಂತೆ, ಆದ್ರೆ ಅವತ್ತು ತೆಳು ಮೋಡ ಬಿಟ್ರೆ ಆಕಾಶ ಚೆನ್ನಾಗಿತ್ತು. 1:59ಕ್ಕೆ ಶುರು ಆಯ್ತು. ಮೊದಲ ಒಂದು ಗಂಟೆ ಗ್ರಹಣದ ಕನ್ನಡಕದಲ್ಲಿ ಕಚ್ಚಿದ ರೊಟ್ಟಿ ಥರ ಸೂರ್ಯ, ಅದರಲ್ಲಿ ಹೇಳೋಂಥದ್ದೇನಿಲ್ಲ. ಕೊನೇ ಹತ್ತು ನಿಮಿಷದಲ್ಲಿ ಬೆಳಕಿನ ಬಣ್ಣನೇ ಬೇರೆ ಆಯ್ತು, ಸಂಜೆ ಥರ ಕೆಂಪಲ್ಲ, ಬೂದಿ ಬಣ್ಣ, ನಮ್ಮ ನೆರಳಿನ ಅಂಚು ಬ್ಲೇಡಲ್ಲಿ ಕೊಯ್ದ ಹಾಗೆ. ತಣ್ಣಗಾಗಿ ಅವ್ವ ಶಾಲು ಹೊದ್ಕೊಂಡ್ರು.

3:13ಕ್ಕೆ ಕೊನೇ ಚುಕ್ಕೆ ವಜ್ರದ ಉಂಗುರದ ಹಾಗೆ ಹೊಳೆದು ಆರಿಹೋಯ್ತು, ಅವ್ವಾ ಕನ್ನಡಕ ತೆಗಿ ಅಂದೆ. ಸೂರ್ಯ ಇದ್ದ ಜಾಗದಲ್ಲಿ ಕಪ್ಪು ತೂತು, ಸುತ್ತ ಬೆಳ್ಳಿ ಎಳೆ ಎಲ್ಲಾ ದಿಕ್ಕಿಗೂ, ಕೆಳ ಅಂಚಲ್ಲಿ ಒಂದು ಗುಲಾಬಿ ಚುಕ್ಕಿ ಬರಿಗಣ್ಣಿಗೇ ಕಾಣ್ತಿತ್ತು, ಅದು ಸೂರ್ಯನಿಂದ ಎದ್ದ ಜ್ವಾಲೆ. ಬಲಕ್ಕೆ ಕೆಳಗೆ ಶುಕ್ರ, ಎಡಕ್ಕೆ ಮೇಲೆ ಗುರು. ಸರೋವರದ ಅಂಚಿನ ಉದ್ದಕ್ಕೂ ಕಿತ್ತಳೆ ಬಣ್ಣ. ಅವ್ವ ಕೈ ಮುಗಿದು ನಿಂತಿದ್ರು, ಸ್ವಲ್ಪ ಹೊತ್ತಾದ್ಮೇಲೆ "ತಮ್ಮಾ, ಹಗಲಾಗ ಚುಕ್ಕಿ ಕಾಣಾಕತ್ಯಾವಲ್ಲೋ" ಅಂದ್ರು, ದನಿ ನಡುಗ್ತಿತ್ತು. ನಾನು ಫೋಟೋಗೆ ಅಂತ ಟ್ರೈಪಾಡ್ ತಂದಿದ್ದೆ, ಮುಟ್ಟಲೇ ಇಲ್ಲ, ನೀವೂ ಮೊದಲ ಸಲ ಕ್ಯಾಮೆರಾ ಹಿಂದೆ ಬೀಳ್ಬೇಡಿ. ಹೆಚ್ಚುಕಮ್ಮಿ 3 ನಿಮಿಷ 50 ಸೆಕೆಂಡ್, ಆಮೇಲೆ ಬಲ ಅಂಚಲ್ಲಿ ಮತ್ತೆ ಬೆಳಕು ಚಿಮ್ಮಿತು, ನೆರಳು ನೀರಿನ ಮೇಲೆ ಈಶಾನ್ಯಕ್ಕೆ ಓಡಿಹೋಯ್ತು.

ಲಕ್ಸರ್‌ನಲ್ಲಿ ನಿಮಗೆ ಆರು ನಿಮಿಷದ ಮೇಲಿದೆ ಸರ್, ನಮಗೆ ಸಿಕ್ಕಿದ್ದಕ್ಕಿಂತ ಒಂದೂವರೆ ಪಟ್ಟು! ಆಗಸ್ಟ್‌ನಲ್ಲಿ ಅಲ್ಲಿ ಮೋಡದ ಭಯನೂ ಇಲ್ಲ, ಬಿಸಿಲಿಗೆ ಮಾತ್ರ ತಯಾರಾಗಿ. ಕನ್ನಡಕ ಐಎಸ್‌ಒ 12312-2 (ಸೂರ್ಯನ್ನ ನೋಡೋ ಕನ್ನಡಕದ ಸುರಕ್ಷತಾ ಮಾನದಂಡ) ಗುರುತಿರೋದು, ನಂಬೋ ಅಂಗಡಿಯಲ್ಲೇ ತಗೊಳ್ಳಿ, ಪೂರ್ತಿ ಮುಚ್ಚಿದಾಗ ಮಾತ್ರ ತೆಗೀರಿ, ಬೆಳಕು ಚಿಮ್ಮಿದ ತಕ್ಷಣ ಹಾಕಿ. ಅವತ್ತು ರಾತ್ರಿ ಅಲ್ಲೇ ಉಳ್ಕೊಳ್ಳಿ, ನಾವು ವಾಪಸ್ ಹೊರಟು ಎರಡು ಗಂಟೆ ದಾರಿಗೆ ಐದು ಗಂಟೆ ತಗೊಂಡ್ವಿ. ಈಜಿಪ್ಟ್ ಆಗಲ್ಲ ಅಂದ್ರೆ 2034 ಮಾರ್ಚ್ 20ಕ್ಕೆ ಭಾರತದಲ್ಲೇ, ಕಾಶ್ಮೀರ-ಲಡಾಖ್ ಕಡೆ ಇದೆ, ಆದ್ರೆ ಅಷ್ಟು ವರ್ಷ ಕಾಯ್ಬೇಡಿ, ಮನೆಯಲ್ಲಿ ವಯಸ್ಸಾದವರಿದ್ರೆ ಅವರನ್ನೂ ಕರ್ಕೊಂಡು ಹೋಗಿ.

ಅವ್ವ ಮನೆಗೆ ಬಂದವರೇ ಗ್ರಹಣ ಬಿಟ್ಟ ಸ್ನಾನ ಮಾಡಿ ದೀಪ ಹಚ್ಚಿದ್ರು. ಆಮೇಲೆ ಗದಗಿನ ದೊಡ್ಡಮ್ಮನಿಗೆ ವಾಟ್ಸಾಪ್‌ನಲ್ಲಿ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಕಳ್ಸಿದ್ರು, ಶುರುವೇ "ಅಕ್ಕಾ ಅವತ್ತ ಹೊರಗ ಇದ್ದಿದ್ದು ಏನಂತ ಹೇಳ್ತೀನಿ ಕೇಳು" ಅಂತ.