ಲ್ಯುತ್ಫೆನ್ ಕಡಿಮೆ ಮಾಡಿ, ದನಿ ಇಳಿಸಿ

ಇಸ್ತಾಂಬುಲ್‌ಗೆ ಈಗಷ್ಟೇ ಬಂದಿಳಿದು ನೀವು ಕೇಳಿದ್ದು ಎರಡು ಪ್ರಶ್ನೆ. ಸಸ್ಯಾಹಾರ ಸಿಗುತ್ತಾ? ಇಲ್ಲಿಯ ಜನ ಯಾಕೆ ಸದಾ ಆಜ್ಞೆ ಮಾಡೋ ಥರ ಮಾತಾಡ್ತಾರೆ, ನಾನು ಮಾತುಮಾತಿಗೂ 'ಲ್ಯುತ್ಫೆನ್', ಅಂದರೆ ದಯವಿಟ್ಟು, ಅಂದರೂ ಯಾಕೆ ಮುಖ ಗಂಟಿಕ್ಕುತ್ತಾರೆ?

ಮೊದಲನೆಯದಕ್ಕೆ ಉತ್ತರ ಸುಲಭ. ಬೇಳೆ ಸೂಪು, ಎಣ್ಣೆಯಲ್ಲಿ ಬೇಯಿಸಿದ ತರಕಾರಿ, ಮೊಸರು ಎಲ್ಲ ಕಡೆ ಇವೆ. ಸೂಪಿಗೆ ಮಾಂಸದ ರಸ ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ. ಆದರೆ ಆ ಕೇಳುವುದು ಹೇಗೆ ಅನ್ನೋದೇ ನಿಮ್ಮ ಎರಡನೇ ಪ್ರಶ್ನೆ.

ನೀವು ಹುಬ್ಬಳ್ಳಿಯವರು ಅಂದಿರಿ, ಹಾಗಾದರೆ ಅರ್ಧ ಕೆಲಸ ಆಗಿದೆ. ಊರಲ್ಲಿ ಅಂಗಡಿಗೆ ಹೋಗಿ "ದಯವಿಟ್ಟು ಅರ್ಧ ಕೆಜಿ ಬೇಳೆ ಕೊಡಿ" ಅಂತ ಯಾವತ್ತಾದರೂ ಅಂದಿದ್ದೀರಾ? "ಅರ್ಧ ಕೆಜಿ ಬ್ಯಾಳಿ ಕೊಡ್ರಿ" ಅಂತೀರಿ. ಮರ್ಯಾದೆಯೆಲ್ಲ ಆ 'ರಿ'ಯಲ್ಲೇ ಇದೆ. 'ದಯವಿಟ್ಟು' ಇರೋದು ಬೋರ್ಡಿನ ಮೇಲೆ. ಟರ್ಕಿಶ್ ಕೂಡ ಹೀಗೇ. 'ಗೆಲ್' ಅಂದರೆ ಬಾ, 'ಗೆಲಿನ್' ಅಂದರೆ ಬನ್ನಿ. ಅದಕ್ಕೂ ಉದ್ದದ 'ಗೆಲಿನಿಜ್' ಪ್ರಕಟಣೆಗಳ ಭಾಷೆ. ಅಂಗಡಿ ಬಾಗಿಲ ಮೇಲೆ 'ಇತಿನಿಜ್', 'ಚೆಕಿನಿಜ್' ಅಂತ ನೋಡಿರ್ತೀರಿ, ತಳ್ಳಿ, ಎಳೆಯಿರಿ ಅಂತ. ಇದರ ಜೊತೆ ಲ್ಯುತ್ಫೆನ್ ಸೇರಿಸಿ, ಅದರ ಮೊದಲ ಅಕ್ಷರವನ್ನು ಜೋರಾಗಿ ಒತ್ತಿದರೆ "ಎಷ್ಟು ಸಲ ಹೇಳಬೇಕ್ರೀ ನಿಮಗೆ" ಅಂತ ಕೇಳಿಸುತ್ತೆ. ಮುಖ ಗಂಟಾಗೋದು ಅದಕ್ಕೇ.

ಕೋರಿಕೆಗೆ ಇಲ್ಲಿ ಪ್ರಶ್ನೆಯ ರೂಪ ಬಳಸ್ತಾರೆ. 'ವೆರಿರ್ ಮಿಸಿನಿಜ್' ಅಂದರೆ ನಮ್ಮ 'ಕೊಡ್ತೀರಾ'. ಹೋಟೆಲಿನಲ್ಲಿ ಮಾಣಿಯನ್ನು ಕರೆಯೋದು 'ಬಕಾರ್ ಮಿಸಿನಿಜ್', ಸ್ವಲ್ಪ ನೋಡ್ತೀರಾ ಅಂತ. ನಮ್ಮ ನಾಲಿಗೆ ಎಡವೋದು ಇಲ್ಲಿ. ಕನ್ನಡದ ಪ್ರಶ್ನೆ ಕೊನೆಯ 'ಆ'ದಲ್ಲಿದೆ, ದನಿಯೂ ಅಲ್ಲಿಗೇ ಹತ್ತುತ್ತೆ. ಟರ್ಕಿಶ್‌ನಲ್ಲಿ ಪ್ರಶ್ನೆಯ ಕೆಲಸವನ್ನು 'ಮಿ' ಮಾಡಿ ಮುಗಿಸುತ್ತೆ. ದನಿ ಏರೋದು ಅದರ ಹಿಂದಿನ ಅಕ್ಷರದಲ್ಲಿ, ಬಕಾರ್‌ನ 'ಕಾರ್' ಮೇಲೆ. ಆಮೇಲಿನ 'ಮಿಸಿನಿಜ್' ಸಾಮಾನ್ಯವಾಗಿ ತಗ್ಗಿದ ದನಿಯಲ್ಲಿ ಸರಸರ ಮುಗಿಯುತ್ತೆ. ನೀವು ಕೊನೆಯ 'ನಿಜ್' ಎತ್ತಿ ಹಿಡಿದರೆ, ನನ್ನ ಕಿವಿಗಂತೂ ಅದು ಕೋರಿಕೆ ಅನ್ನಿಸಲ್ಲ, ಜಬರಿಸಿ ಕೇಳಿದ ಹಾಗಿರುತ್ತೆ.

ಇದನ್ನು ಕಲಿಯೋಕೆ ತರಗತಿಗಿಂತ ಇಲ್ಲಿಯ ಕದಿಕೊಯ್‌ನಿಂದ ಬೊಸ್ತಾಂಜಿಗೆ ಓಡೋ ದೋಲ್ಮುಷ್ ಒಳ್ಳೇದು, ನಮ್ಮ ಟೆಂಪೋ ಥರದ ಷೇರ್ ವ್ಯಾನು. ಹಿಂದಿನ ಸೀಟಿನವರು ಚಾಲಕನಿಗೆ ಕೊಡಬೇಕಾದ ಹಣ ಮುಂದಿನವರ ಕೈ ದಾಟಿ ಹೋಗುತ್ತೆ. ಭುಜದ ಪಕ್ಕದಿಂದ ನೋಟು ಚಾಚಿ "ಉಜಾತಿರ್ ಮಿಸಿನಿಜ್" ಅಂತಾರೆ, ಮುಂದಕ್ಕೆ ದಾಟಿಸ್ತೀರಾ ಅಂತ. 'ತಿರ್' ಮಾತ್ರ ಕೇಳುತ್ತೆ, ಉಳಿದದ್ದು ಇಂಜಿನ್ ಸದ್ದಲ್ಲಿ ಮುಳುಗುತ್ತೆ, ಆದರೂ ಯಾರಿಗೂ ಒರಟು ಅನ್ನಿಸಲ್ಲ. ಇಳಿಯುವವರು "ಇನೆಜೆಕ್ ವಾರ್" ಅಂತ ಕೂಗ್ತಾರೆ, 'ಇಳಿಯೋರಿದಾರೆ' ಅಂತಷ್ಟೇ. ಆಜ್ಞೆಯೂ ಇಲ್ಲ, ಕೋರಿಕೆಯೂ ಇಲ್ಲ, ಗಾಡಿ ನಿಲ್ಲುತ್ತೆ. ಚಾಲಕನಿಗೆ 'ಆಬಿ' ಅಂದರೆ ಇನ್ನೂ ಒಳ್ಳೇದು. ಅಣ್ಣ ಅಂತ ಕರೆದರೆ ಅರ್ಧ ಕೆಲಸ ಆಗೋದು ಎರಡೂ ಊರಲ್ಲಿ ಒಂದೇ.

ಬೇಡ ಅನ್ನುವಾಗ ಇನ್ನೂ ಎಚ್ಚರ ಬೇಕು. ಟರ್ಕಿಶ್ 1928ರಿಂದ ಲ್ಯಾಟಿನ್ ಲಿಪಿಯಲ್ಲಿದೆ, ಬರೆದಂತೆಯೇ ಓದಬಹುದು ಅಂತ ಎಲ್ಲರೂ ಹೇಳ್ತಾರೆ. ಒತ್ತು ಎಲ್ಲಿ ಅಂತ ಮಾತ್ರ ಬರವಣಿಗೆ ಹೇಳಲ್ಲ. ಆಸ್ಪತ್ರೆಯ ವಿಚಾರಣೆ ಕೌಂಟರಿನ ಮೇಲೆ 'ದಾನಿಷ್ಮಾ' ಅಂತಿರುತ್ತೆ. ಒತ್ತು ಕೊನೆಯ 'ಮಾ' ಮೇಲೆ ಬಿದ್ದರೆ ವಿಚಾರಣೆ, 'ನಿಷ್' ಮೇಲೆ ಬಿದ್ದರೆ ವಿಚಾರಿಸಬೇಡ! ನಿಷೇಧದ 'ಮಾ' ತಾನು ಒತ್ತು ತಗೊಳ್ಳದೆ ಹಿಂದಿನ ಅಕ್ಷರಕ್ಕೆ ದಾಟಿಸುತ್ತೆ. ಗೆಳೆಯರಿಗೆ ಏನಾದರೂ ಸುದ್ದಿ ಹೇಳಿದಾಗ "ಯಾಪ್ಮಾ ಯಾ" ಅಂತ ರಾಗ ಎಳೆದರೆ ಗಾಬರಿ ಬೇಡ. 'ಮಾಡಬೇಡ' ಅಂತ ಅಲ್ಲ, ನಮ್ಮ "ಹೋಗಲೇ, ಖರೇನಾ?" ಅದು.

ಸಲುಗೆ ಬೆಳೆದ ಮೇಲೆ 'ಗೆಲ್ಸೆನೆ' ಅಂತ ಶುರುವಾಗುತ್ತೆ, ಒತ್ತು 'ಗೆಲ್' ಮೇಲೆ. ಇದು ನಿಮ್ಮ 'ಬಾರಲೇ' ಇದ್ದ ಹಾಗೆ, ಪ್ರೀತಿಯೋ ಸಿಟ್ಟೋ ಅನ್ನೋದು ದನಿಗೆ ಬಿಟ್ಟದ್ದು. ಆಫೀಸಿನಲ್ಲಿ ಕಝಕ್, ಉಜ್ಬೆಕ್ ಜನ ಸಿಕ್ಕರೆ ಕಿವಿ ಕೊಟ್ಟು ಕೇಳಿ. ಟರ್ಕಿಶ್‌ಗೆ ನಂಟಿರೋ ಅವರ ಭಾಷೆಗಳಲ್ಲಿ ಆಜ್ಞೆಯ ಬಾಲಕ್ಕೆ 'ಷಿ', 'ಚಿ' ಅಂತ ಒಂದು ತುಣುಕು ಅಂಟಿಸಿ ಅದನ್ನು ಕೋರಿಕೆ ಮಾಡ್ತಾರೆ. ಉಜ್ಬೆಕ್‌ನ 'ಆಯ್ತ್' ಅಂದರೆ ಹೇಳು, 'ಆಯ್ತ್‌ಚಿ' ಅಂದರೆ ಸ್ವಲ್ಪ ಹೇಳೋ ಮಾರಾಯ.

ಬರವಣಿಗೆಯಲ್ಲಿ ದನಿಯ ಆಸರೆ ಇಲ್ಲ. ಸರ್ಕಾರಿ ಕಚೇರಿಗೆ ಪತ್ರ ಬರೆಯುವಾಗ ನಿಮಗಿಂತ ಮೇಲಿನವರಿಗೆ 'ಅರ್ಜ್ ಎದೆರಿಮ್' ಅಂತ ಮುಗಿಸಬೇಕು, ಅರಿಕೆ ಮಾಡಿಕೊಳ್ತೇನೆ ಅಂತ. ಸಮಾನರಿಗೆ, ಕೆಳಗಿನವರಿಗೆ 'ರಿಜಾ ಎದೆರಿಮ್', ಕೋರ್ತೇನೆ ಅಂತ. ಅರ್ಜಿ ಗೊತ್ತಿರೋ ನಮಗೆ ಮೊದಲನೆಯದು ಮರೆಯಲ್ಲ. ವಾಸದ ಪರವಾನಗಿ ವಿಚಾರವಾಗಿ ಪತ್ರ ಬರೆಯೋದಿದ್ದರೆ ಕಳಿಸೋ ಮುಂಚೆ ಆ ಕೊನೆಯ ಸಾಲು ನನಗೆ ತೋರಿಸಿ.