ಟ್ರಾಟ್‌ನಲ್ಲಿ ಮೈ ಯಾಕೆ ಎಗರುತ್ತದೆ?

ಪ್ರಶ್ನೆ: ನಾಲ್ಕು ತಿಂಗಳಿಂದ ಕುದುರೆ ಸವಾರಿ ಕಲಿಯುತ್ತಿದ್ದೇನೆ. ಟ್ರಾಟ್ (ನಡಿಗೆಗಿಂತ ವೇಗದ, ಕುಲುಕುವ ಓಟ) ಶುರುವಾದರೆ ಜೀನಿನ ಮೇಲೆ ಎಗರಿ ಬೀಳುತ್ತೇನೆ, ಎಡ ರಿಕಾಬು (ಪಾದ ಇಡುವ ಬಳೆ) ಜಾರುತ್ತದೆ. ಭಂಗಿ ತಿದ್ದುವ ಎರಡು ದಿನದ ಶಿಬಿರಕ್ಕೆ ಸೇರಲೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸೇರಿ. ಅದಕ್ಕೂ ಮೊದಲು ರಿಕಾಬಿನ ಪಟ್ಟಿಗಳನ್ನು ಬಿಚ್ಚಿ ಪಕ್ಕಪಕ್ಕ ಹಿಡಿದು ನೋಡಿ. ಸದಾ ಎಡಗಡೆಯಿಂದಲೇ ಹತ್ತುವುದರಿಂದ ಎಡಪಟ್ಟಿಯ ಚರ್ಮ ಹಿಗ್ಗಿರುತ್ತದೆ. ತೂತು ಒಂದೇ ಆದರೂ ಉದ್ದ ಬೇರೆ. ಆಗಾಗ ಅದಲುಬದಲು ಮಾಡಬೇಕು. ಅಂದಾಜಿನ ಅಳತೆಗೆ, ಪಟ್ಟಿ ಜೀನಿಗೆ ಸಿಕ್ಕಿಸಿರುವ ಜಾಗಕ್ಕೆ ಬೆರಳ ತುದಿ ಇಟ್ಟು, ಪಟ್ಟಿಯನ್ನು ತೋಳಿನುದ್ದಕ್ಕೂ ಎಳೆದು ಹಿಡಿದರೆ ರಿಕಾಬು ಕಂಕುಳಿಗೆ ತಾಗಬೇಕು.

ಇನ್ನು ಎಗರುವುದು. ಬಹುಪಾಲು ಇದು ಮೊಣಕಾಲಿನಿಂದ ಅವುಚಿ ಹಿಡಿಯುವ ಫಲ. ದಪ್ಪ ಬಿದಿರಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ನೋಡಿ, ಒತ್ತಿದಷ್ಟೂ ಮೇಲಕ್ಕೆ ಜಾರುತ್ತದೆ, ನೀವೂ ಹಾಗೇ. ‘ಹಿಮ್ಮಡಿ ಕೆಳಗೆ’ ಎಂದು ಬಲವಂತವಾಗಿ ತುಳಿದರೂ ಕೆಟ್ಟಿತು: ಕಣಕಾಲು ಬಿಗಿದು ಪಾದ ಮುಂದೆ ಹೋಗುತ್ತದೆ, ಕುರ್ಚಿಯಲ್ಲಿ ಕೂತಂತಾಗುತ್ತದೆ. ಪಕ್ಕದಿಂದ ನೋಡಿದರೆ ಕಿವಿ, ಭುಜ, ಸೊಂಟದ ಕೀಲು, ಹಿಮ್ಮಡಿ ಒಂದೇ ಗೆರೆಯಲ್ಲಿರಬೇಕು.

ಮನೆಯಲ್ಲಿ ಮರದ ಸ್ಟೂಲಿನ ಮೇಲೆ ಅಂಗೈಗಳನ್ನು ಅಡಿಗಿಟ್ಟುಕೊಂಡು ಕೂತುಕೊಳ್ಳಿ. ಎರಡು ಮೂಳೆ ಒತ್ತುವುದು ಗೊತ್ತಾಗುತ್ತದೆ. ಒಂದು ಕಡೆ ಭಾರ ಹೆಚ್ಚಿದ್ದರೆ ಜೀನಿನ ಮೇಲೂ ಹಾಗೇ ವಾಲಿರುತ್ತೀರಿ.

ಶಿಬಿರದಲ್ಲಿ ಇದನ್ನು ಕೇಳಿಯೇ ಪಡೆಯಿರಿ: ತರಬೇತುದಾರರು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ನಡೆಸುತ್ತಿರಲಿ, ನೀವು ರಿಕಾಬು, ಲಗಾಮು ಬಿಟ್ಟು 10 ನಿಮಿಷ ನಡಿಗೆಯಲ್ಲೇ ಕೂತಿರಿ. ಪಕ್ಕದಿಂದಲೂ ಹಿಂದಿನಿಂದಲೂ ವಿಡಿಯೊ ತೆಗೆಸಿ. ವಾಲಿರುವುದು ಹಿಂದಿನಿಂದಲೇ ಕಾಣುವುದು. ಟ್ರಾಟ್ ಆಮೇಲೆ, ಅದೂ ಒಂದೆರಡು ಸುತ್ತು ಸಾಕು. ಉಸಿರು ಬಿಗಿಹಿಡಿದರೆ ಬೆನ್ನೂ ಬಿಗಿಯುತ್ತದೆ, ಹಾಗಾಗಿ ಜೋರಾಗಿ ಎಣಿಸುತ್ತಿರಿ.